ನಾಗವಲ್ಲಿಯ ತವರು ಯಾವುದು?

ಊರಹಬ್ಬದ ಆರ್ಕೆಸ್ಟ್ರಾದಲ್ಲಿ ‘ರಾ ರಾ’ ಹಾಡು ಶುರುವಾದರೆ ಈಗಲೂ ಸಣ್ಣ ಮಕ್ಕಳು ಅಮ್ಮನ ಸೆರಗು ಹಿಡಿದುಕೊಳ್ಳುತ್ತವೆ. 2004ರ ‘ಆಪ್ತಮಿತ್ರ’ದ ನಾಗವಲ್ಲಿ ನಮ್ಮವಳೇ ಅಂತ ನಾವು ಅಂದುಕೊಂಡಿದ್ದೇವೆ. ಆದರೆ ಅವಳ ತವರು ಕೇರಳ.

1993ರಲ್ಲಿ ಫಾಸಿಲ್ ನಿರ್ದೇಶಿಸಿದ ‘ಮಣಿಚಿತ್ರತ್ತಾಳ್’ ಎಂಬ ಮಲಯಾಳಂ ಸಿನಿಮಾ ಬಂತು. ಕಥೆ ಮಧು ಮುಟ್ಟಂ ಅವರದು. ಹಳೇ ಮನೆ, ಬೀಗ ಜಡಿದ ಕೋಣೆ, ಬೀಗ ತೆಗೆಸಿದ ಸೊಸೆ ಗಂಗಾ. ಮನೆಯಲ್ಲಿ ರಾತ್ರಿ ಗೆಜ್ಜೆ ಸದ್ದು. ಗಂಗಾ ಪಾತ್ರಕ್ಕೆ ಶೋಭನಾಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು.

ಅದಕ್ಕೂ ಮೊದಲು ನಮ್ಮಲ್ಲಿ ದೆವ್ವದ ಸಿನಿಮಾ ಅಂದರೆ ದೆವ್ವ ಇರಲೇಬೇಕಿತ್ತು. 1979ರ ‘ನಾ ನಿನ್ನ ಬಿಡಲಾರೆ’ ನೆನಪಿಸಿಕೊಳ್ಳಿ. ಅನಂತನಾಗ್ ಮೈಹೊಕ್ಕ ಪ್ರೇತ ಅಲ್ಲಿ ನಿಜ, ಬಿಡಿಸುವುದು ಮಂತ್ರಾಲಯದ ರಾಯರ ಕೃಪೆ. ಮಣಿಚಿತ್ರತ್ತಾಳ್ ಈ ದಾರಿ ಬಿಟ್ಟಿತು. ಕೋಣೆಯಲ್ಲಿ ದೆವ್ವ ಇರಲಿಲ್ಲ. ಬಾಲ್ಯದ ನೋವು ನುಂಗಿಕೊಂಡಿದ್ದ ಗಂಗಾ, ಮನೆಯವರಿಂದ ಕೇಳಿದ ನರ್ತಕಿಯ ಕಥೆಯನ್ನು ತನ್ನದೇ ಮಾಡಿಕೊಂಡಿದ್ದಳು. ಅವಳನ್ನು ಉಳಿಸಿದ್ದು ಮನೋವೈದ್ಯ.

ಈ ಕಥೆ ರಾಜ್ಯ ದಾಟಿದಾಗಲೆಲ್ಲ ಒಂದು ತಮಾಷೆ ನಡೆದಿದೆ. ಮಲಯಾಳಂನಲ್ಲಿ ನಾಗವಲ್ಲಿ ತಮಿಳು ಮಾತಾಡುತ್ತಾಳೆ. ಕನ್ನಡದಲ್ಲಿ ತೆಲುಗು. 2007ರ ಹಿಂದಿ ‘ಭೂಲ್ ಭುಲಯ್ಯಾ’ದಲ್ಲಿ ಅವಳೇ ಮಂಜುಲಿಕಾ ಆಗಿ ಬಂಗಾಳಿ ಮಾತಾಡುತ್ತಾಳೆ. ದೆವ್ವ ಯಾವಾಗಲೂ ಪಕ್ಕದ ಸೀಮೆಯವಳು! ಇದಕ್ಕೆ ಕಾರಣವಿದೆ. ಅರ್ಧ ತಿಳಿದು ಅರ್ಧ ತಿಳಿಯದ ಭಾಷೆ ಕಿವಿಗೆ ಬಿದ್ದ ಕೂಡಲೇ ‘ಇವಳು ನಮ್ಮ ಗಂಗಾ ಅಲ್ಲ’ ಅನ್ನಿಸಿಬಿಡುತ್ತದೆ.

ಈ ಪಯಣದಲ್ಲಿ ಕನ್ನಡದ ಪಾಲು ದೊಡ್ಡದು. ದ್ವಾರಕೀಶ್ ನಿರ್ಮಿಸಿ ಪಿ. ವಾಸು ನಿರ್ದೇಶಿಸಿದ ಆಪ್ತಮಿತ್ರ ಗೆದ್ದ ಮೇಲೆ, ವಾಸು ಅದನ್ನೇ 2005ರಲ್ಲಿ ತಮಿಳಿಗೆ ಒಯ್ದು ರಜನಿಕಾಂತ್ ಜೊತೆ ‘ಚಂದ್ರಮುಖಿ’ ಮಾಡಿದರು. ತೆಲುಗು ಮಾತಾಡುವ ನರ್ತಕಿ, ಗುರುಕಿರಣ್ ಅವರ ‘ರಾ ರಾ’ ಧಾಟಿ, ನಾಗರಹಾವು, ಎಲ್ಲವೂ ಬೆಂಗಳೂರಿನ ಮೂಲಕವೇ ಚೆನ್ನೈಗೆ ಹೋದವು.

ಆದರೆ ಕಥೆ ಹೇಳಿದ ಮಾತನ್ನು ನಾವು ಎಷ್ಟು ಕೇಳಿಸಿಕೊಂಡೆವು? ಮುಳಬಾಗಿಲು ಮೂಲದ ಸೌಂದರ್ಯ 2004ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಜಕ್ಕೂರು ಬಳಿ ವಿಮಾನ ದುರಂತದಲ್ಲಿ ತೀರಿಹೋದರು. ಆಪ್ತಮಿತ್ರ ತೆರೆಕಂಡಾಗ ಅವರಿರಲಿಲ್ಲ. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಹೋದರು. ಮುಂದುವರಿದ ಭಾಗ ‘ಆಪ್ತರಕ್ಷಕ’ 2010ರಲ್ಲಿ ಬಂತು. ‘ನಾಗವಲ್ಲಿ ಶಾಪ’ ಅಂತ ಊರೂರಲ್ಲಿ ಗುಸುಗುಸು ಹಬ್ಬಿತು. ದೆವ್ವ ಇಲ್ಲ ಅಂತ ಹೇಳಿದ ಸಿನಿಮಾಕ್ಕೇ ನಾವು ದೆವ್ವ ಹಿಡಿಸಿದೆವು! ಸಿನಿಮಾದವರೂ ಹಿಂದೆ ಬೀಳಲಿಲ್ಲ. 2022ರ ‘ಭೂಲ್ ಭುಲಯ್ಯಾ 2’ರಲ್ಲಿ ದೆವ್ವ ನಿಜವಾಗಿಯೇ ಬಂದು ಕುಳಿತಿತು.

ಆಪ್ತಮಿತ್ರದಲ್ಲೂ ತಪ್ಪುಗಳಿವೆ. ಒಂದು ರಾತ್ರಿಯ ನಾಟಕದಿಂದ ಯಾರ ಮನೋರೋಗವೂ ವಾಸಿಯಾಗುವುದಿಲ್ಲ. ಚಿಕಿತ್ಸೆಗೆ ತಿಂಗಳುಗಳು ಬೇಕು, ಮನೆಯವರ ತಾಳ್ಮೆಯೂ ಬೇಕು. ಆದರೂ ಆ ಸಿನಿಮಾದ ಒಂದು ಮಾತು ಉಳಿಸಿಕೊಳ್ಳುವಂಥದ್ದು: ಹೆಂಡತಿ ವಿಚಿತ್ರವಾಗಿ ಆಡಿದಾಗ ಅವಳ ಗಂಡ ಅವಳನ್ನು ತವರಿಗೆ ಅಟ್ಟಲಿಲ್ಲ, ಹೊಡೆಯಲಿಲ್ಲ. ಡಾಕ್ಟರಾದ ಗೆಳೆಯನ ಮಾತು ನಂಬಿದ.

ನಿಮ್ಮ ಓಣಿಯಲ್ಲಿ ಯಾರಾದರೂ ರಾತ್ರಿಯಿಡೀ ನಿದ್ದೆ ಮಾಡದೆ ಒಬ್ಬರೇ ಮಾತಾಡುತ್ತಿದ್ದರೆ, ‘ಗಾಳಿ ಸೋಕಿದೆ’ ಅಂತ ಬೇವಿನ ಸೊಪ್ಪು ಹಿಡಿಯುವ ಮೊದಲು ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಬೀಗ ಹಾಕಿದ ಕೋಣೆ ಅವರ ಮನಸ್ಸಿನಲ್ಲೇ ಇರಬಹುದು.