ರೋಗಶಯ್ಯೆಯಲ್ಲಿ ಒಬ್ಬ ಸೈನಿಕ



ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಹೆಸರನ್ನು ನೀವು ಕೇಳಿರುತ್ತೀರಿ. 1880ರಲ್ಲಿ ಅದನ್ನು ಸ್ಥಾಪಿಸಿದವರು ಯೇಸು ಸಭೆಯ ಪಾದ್ರಿಗಳು. ಆ ಸಭೆಯ ಮೂಲವನ್ನು ಹುಡುಕುತ್ತ ಹೋದರೆ ನಾವು ಸ್ಪೇನ್ ದೇಶದ ಒಂದು ರೋಗಶಯ್ಯೆಯ ಬಳಿಗೆ ಬರುತ್ತೇವೆ.

1521ರ ಮೇ 20. ಫ್ರೆಂಚರು ಮುತ್ತಿದ್ದ ಪಾಂಪ್ಲೋನಾ ಕೋಟೆಯಲ್ಲಿ ಇಗ್ನೇಷಿಯಸ್ ಎಂಬ ಸೈನಿಕನ ಬಲಗಾಲನ್ನು ಫಿರಂಗಿ ಗುಂಡು ಮುರಿಯಿತು. ಆತನಿಗೆ ಆಗ ಸುಮಾರು ಮೂವತ್ತು ವರ್ಷ. ಕೀರ್ತಿಯ ಹಂಬಲ ವಿಪರೀತ. ಲೊಯೋಲಾದ ಮನೆಗೆ ಹೊತ್ತು ತಂದು, ಸರಿಯಾಗಿ ಕೂಡದ ಮೂಳೆಯನ್ನು ಮತ್ತೆ ಮುರಿದು ಕೂಡಿಸಿದರು. ಮೊಣಕಾಲಿನ ಕೆಳಗೆ ಉಬ್ಬಿ ನಿಂತ ಮೂಳೆಯನ್ನು, ಅಂದಗೆಡುತ್ತದೆಂದು ಆತನೇ ಹಟ ಹಿಡಿದು ಕತ್ತರಿಸಿಕೊಂಡ. ಅರಿವಳಿಕೆ ಔಷಧಿ ಇಲ್ಲದಿದ್ದ ಕಾಲವದು!

ನೋಡಿ, ಇಷ್ಟು ನೋವು ಉಂಡರೂ ಆತ ಬದಲಾಗಿರಲಿಲ್ಲ. ಹೊತ್ತು ಕಳೆಯಲು ವೀರರ ಕಥೆಗಳನ್ನು ಕೇಳಿದ. ಮನೆಯಲ್ಲಿ ಇದ್ದದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳು ಮಾತ್ರ. ಅವನ್ನೇ ಓದಿದ. ಒಮ್ಮೆ ರಾಜಸಭೆಯ ಕನಸು, ಇನ್ನೊಮ್ಮೆ ಸಂತರಂತೆ ಬಾಳುವ ಕನಸು. ಕಾಣುವಾಗ ಎರಡೂ ಹಿತವೇ. ಆದರೆ ಮೊದಲನೆಯದು ಮುಗಿದ ಮೇಲೆ ಮನಸ್ಸು ಬರಿದಾಗುತ್ತಿತ್ತು. ಎರಡನೆಯದರ ಸಂತೋಷ ಉಳಿಯುತ್ತಿತ್ತು. ಈ ವ್ಯತ್ಯಾಸವನ್ನು ಆತ ಗುರುತಿಸಿದ.

ವಿಜ್ಞಾನ ಓದಿದ ನನಗೆ ಇದು ಒಂದು ಪ್ರಯೋಗದಂತೆ ಕಾಣುತ್ತದೆ. ಪ್ರಯೋಗಶಾಲೆ ಆತನ ಮನಸ್ಸು. ವಿಧಾನ, ಮತ್ತೆ ಮತ್ತೆ ಗಮನಿಸುವುದು. ಈ ಗಮನವೇ ಮುಂದೆ ಆತನ ಸಾಧನೆಯ ಕ್ರಮವಾಯಿತು. 1540ರಲ್ಲಿ ಯೇಸು ಸಭೆಗೆ ಪೋಪರ ಮನ್ನಣೆ ದೊರೆಯಿತು.

ಹಾಗಾದರೆ ಕಾಯಿಲೆ ಒಳ್ಳೆಯದೇ? ಖಂಡಿತ ಅಲ್ಲ. ಗುಣವಾದ ಮೇಲೆ, 1522ರಲ್ಲಿ, ಮನ್ರೇಸಾ ಎಂಬಲ್ಲಿ ಆತ ಕಠಿಣ ಉಪವಾಸಗಳಿಂದ ದೇಹವನ್ನು ದಂಡಿಸಿ ಆರೋಗ್ಯ ಕೆಡಿಸಿಕೊಂಡ. ಆ ಪೆಟ್ಟು ತಿಂದವನೇ ಮುಂದೆ ಸಭೆಯ ನಿಯಮಗಳಲ್ಲಿ ದೇಹದ ಆರೈಕೆಗೂ ಸ್ಥಾನ ಕೊಟ್ಟ. ಆತನನ್ನು ಎಚ್ಚರಿಸಿದ್ದು ನೋವಲ್ಲ. ನೋವು ಬಲವಂತವಾಗಿ ತಂದ ಬಿಡುವು, ಆ ಬಿಡುವಿನಲ್ಲಿ ತನ್ನನ್ನೇ ನೋಡಿಕೊಂಡ ರೀತಿ.

ಆದ್ದರಿಂದ ಮಿತ್ರರೇ, ಜ್ವರ ಬಂದರೆ ಮೊದಲು ವೈದ್ಯರಲ್ಲಿಗೆ ಹೋಗಿ, ಔಷಧಿ ತೆಗೆದುಕೊಳ್ಳಿ. ಯಾರಾದರೂ ಹಾಸಿಗೆ ಹಿಡಿದಿದ್ದರೆ, ನಿಮ್ಮ ಒಳ್ಳೆಯದಕ್ಕೇ ಬಂದ ಕಾಯಿಲೆ ಎಂದು ಅವರಿಗೆ ಉಪದೇಶಿಸಬೇಡಿ. ಇನ್ನು, ನಿಮ್ಮ ಮನಸ್ಸನ್ನು ನೀವೇ ಗಮನಿಸಲು ಕಾಲು ಮುರಿಯುವವರೆಗೆ ಕಾಯಬೇಕಾಗಿಲ್ಲ. ಇಂದು ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ ಸಾಕು.