ಒಂದ್ಸಲ ಬರಿ, ಎಲ್ಲಾ ಕಡೆ ಓಡ್ಸು

ನಮ್ಮ ಫೀಲ್ಡಿನಲ್ಲಿ ಒಂದು ಮಾತಿದೆ. ನಾಲ್ಕೈದು ವರ್ಷಕ್ಕೊಮ್ಮೆ ಹೊಸ ಹೆಸರಿಟ್ಟುಕೊಂಡು ವಾಪಸ್ ಬರುತ್ತೆ. "ಕೋಡ್ ಒಂದೇ ಸಲ ಬರೀರಿ, ಎಲ್ಲಾ ಫೋನಿನಲ್ಲೂ ಓಡುತ್ತೆ." ಈಗ ಅದರ ಹೆಸರು ಫ್ಲಟರ್, ರಿಯಾಕ್ಟ್ ನೇಟಿವ್, ಕಾಟ್ಲಿನ್ ಮಲ್ಟಿಪ್ಲಾಟ್‌ಫಾರ್ಮ್. ಹತ್ತು ಹನ್ನೆರಡು ವರ್ಷದ ಹಿಂದೆ ಫೋನ್‌ಗ್ಯಾಪ್, ಟೈಟಾನಿಯಂ, ಜಾಮರಿನ್. ಅದಕ್ಕೂ ಮುಂಚೆ ಜಾವಾ. ಪ್ರತಿ ಸಲವೂ ಮ್ಯಾನೇಜರ್ ಮುಖದಲ್ಲಿ ಒಂದೇ ಥರದ ಬೆಳಕು: ಎರಡು ಟೀಮಿನ ಬದಲು ಒಂದೇ ಟೀಮ್ ಸಾಕು!

ನಾನು ತಿಪಟೂರು ತಾಲ್ಲೂಕಿನ ನೊಣವಿನಕೆರೆಯವನು. ನಮ್ಮ ಕಡೆ ಈ ಮಾತು ಯಾರಿಗೂ ಹೊಸದಲ್ಲ. ತೆಂಗಿನ ಮರ ಒಂದೇ. ಅದರಿಂದ ಎಳನೀರು, ಕಾಯಿ, ಕೊಬ್ಬರಿ, ಚಿಪ್ಪು, ನಾರು ಎಲ್ಲಾ ಬರುತ್ತೆ, ಒಂದೊಂದೂ ಬೇರೆ ಬೇರೆ ಮಾರುಕಟ್ಟೆಗೆ ಹೋಗುತ್ತೆ. ಆದರೆ ಎಳನೀರು ಕೆಡವೋನ ಕೈಚಳಕ ಬೇರೆ, ಕಾಯಿ ಸುಲಿಯೋನದು ಬೇರೆ. ಉಂಡೆ ಕೊಬ್ಬರಿ ಬೇಕಂದ್ರೆ ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕಾಯಿಸಬೇಕು. ಮರ ಒಂದೇ, ಕೆಲಸ ಒಂದೇ ಅಲ್ಲ. ಆ ಬೇರೆ ಬೇರೆ ಕೆಲಸದ ಕೂಲಿಯನ್ನು ಯಾರೋ ಒಬ್ಬರು ಕೊಡಲೇಬೇಕು. ಮೊಬೈಲ್ ಆಪ್ ಕಟ್ಟುವ ಟೂಲ್‌ಗಳ ಚರಿತ್ರೆಯನ್ನೂ ಹೀಗೇ ನೋಡಬಹುದು ಅಂತ ನನಗನ್ನಿಸುತ್ತೆ. ಈ ಕೂಲಿಯನ್ನು ಯಾವ ಕಾಲದಲ್ಲಿ ಯಾರು ಕೊಟ್ಟರು?

ಈ ಕನಸಿನ ಒಂದು ಶುದ್ಧ ಬೆಂಗಳೂರು ಆವೃತ್ತಿ ಇತ್ತು ಅನ್ನೋದು ನಮ್ಮ ಜನರೇಶನ್ನಿಗೆ ಹೆಚ್ಚು ಗೊತ್ತಿಲ್ಲ. ಅದು ಸಿಂಪ್ಯೂಟರ್. ಐಫೋನ್ ಬರುವ ಆರು ವರ್ಷ ಮುಂಚೆ, 2001ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತವರ ಜೊತೆಗಾರರು ಸೇರಿ ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರೊಂದನ್ನು ಜಗತ್ತಿಗೆ ತೋರಿಸಿದರು. ಒಳಗೆ ಲಿನಕ್ಸ್, ಮುಂದೆ ಟಚ್ ಸ್ಕ್ರೀನ್. ಬೆಲೆ ಒಂಬತ್ತು ಸಾವಿರ ರೂಪಾಯಿ ಆಸುಪಾಸಿನಲ್ಲಿರಬೇಕು ಅನ್ನೋದು ಗುರಿ. ಒಂದು ಸಾಧನವನ್ನು ಊರಿನ ಹಲವರು ಹಂಚಿಕೊಳ್ಳಲಿ ಅಂತ ಪ್ರತಿಯೊಬ್ಬರಿಗೂ ಬೇರೆ ಸ್ಮಾರ್ಟ್ ಕಾರ್ಡ್. ಓದಲು ಬಾರದವರಿಗೆ ಕನ್ನಡದಲ್ಲೂ ಓದಿ ಹೇಳುವ ತಂತ್ರಾಂಶ.

ಅದರೊಳಗೆ ಐಎಂಎಲ್ ಅಂತ ಒಂದು ಮಾರ್ಕಪ್ ಭಾಷೆ ಇತ್ತು. ಮಾಹಿತಿಯನ್ನು ಅದರಲ್ಲಿ ಬರೆದುಬಿಟ್ಟರೆ, ಅದನ್ನು ಪುಟ್ಟ ಪರದೆಯ ಮೇಲೆ ತೋರಿಸೋದು, ಓದಿ ಹೇಳೋದು ಎಲ್ಲಾ ಸಾಧನದ ಕೆಲಸ. ಬರೆಯೋನು ಹಾರ್ಡ್‌ವೇರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಇವತ್ತು ನಾವು 'ಡಿಕ್ಲರೇಟಿವ್ ಯುಐ' ಅಂತ ದೊಡ್ಡದಾಗಿ ಹೇಳ್ತೀವಲ್ಲ, ಅದರ ದೂರದ ಸಂಬಂಧಿ ಇದು. ಕರ್ನಾಟಕ ಸರ್ಕಾರ ಭೂ ದಾಖಲೆಯ ಕೆಲಸದಲ್ಲೂ ಸಿಂಪ್ಯೂಟರ್ ಬಳಸಿ ನೋಡಿತು. 2004ರಲ್ಲಿ 'ಅಮಿಡ' ಅನ್ನುವ ಹೆಸರಲ್ಲಿ ಅಂಗಡಿಗೂ ಬಂತು. ಮಾರಾಟ ಮಾತ್ರ ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ. ಅಷ್ಟರಲ್ಲಿ ಜನರ ಜೇಬಿಗೆ ನೋಕಿಯಾ ಬಂದಾಗಿತ್ತು.

ನೋಕಿಯಾ ಕಾಲದ ದೇವರು ಜಾವಾ. "ಒಮ್ಮೆ ಬರೆಯಿರಿ, ಎಲ್ಲೆಡೆ ಓಡಿಸಿ" ಅನ್ನೋದು ಸನ್ ಮೈಕ್ರೋಸಿಸ್ಟಮ್ಸ್ 1990ರ ದಶಕದಲ್ಲೇ ಕೊಟ್ಟ ಘೋಷಣೆ. ಫೋನಿಗಾಗಿ ಅದರ ಸಣ್ಣ ರೂಪ, ಜೆ2ಎಂಇ, 2000ದ ಹೊತ್ತಿಗೆ ಸಿದ್ಧವಾಯಿತು. ನಿಜಕ್ಕೂ ಏನಾಯ್ತು ಅಂದ್ರೆ, ಒಂದು ಫೋನಿನ ಪರದೆ 128 ಪಿಕ್ಸೆಲ್ ಅಗಲ, ಇನ್ನೊಂದರದು 176, ಮತ್ತೊಂದರದು 240. ಒಂದರಲ್ಲಿ ಎಡಗಡೆ ಬಟನ್ 'ಓಕೆ', ಇನ್ನೊಂದರಲ್ಲಿ ಬಲಗಡೆ. ಹಾಗಾಗಿ "ಒಮ್ಮೆ ಬರೆಯಿರಿ, ಎಲ್ಲೆಡೆ ಡಿಬಗ್ ಮಾಡಿ" ಅನ್ನುವ ಜೋಕು ಹುಟ್ಟಿತು. ಇಲ್ಲಿ ಕೂಲಿ ಕೊಟ್ಟವನು ಟೆಸ್ಟಿಂಗ್ ಹುಡುಗ. ಹತ್ತಾರು ಹ್ಯಾಂಡ್‌ಸೆಟ್ ಟೇಬಲ್ ಮೇಲೆ ಸಾಲಾಗಿ ಜೋಡಿಸಿಕೊಂಡು ಒಂದೊಂದರಲ್ಲೂ ಗುಂಡಿ ಒತ್ತಿ ನೋಡುತ್ತಿದ್ದವನು.

ಕನ್ನಡದ ಕಥೆ ಇನ್ನೂ ಬೇರೆ. ಆ ಫೋನುಗಳಲ್ಲಿ ಹೆಚ್ಚಿನವಕ್ಕೆ ಕನ್ನಡ ಯೂನಿಕೋಡ್ ಗೊತ್ತಿರಲಿಲ್ಲ, ಬರೀ ಚೌಕ ಚೌಕ ಡಬ್ಬಿಗಳು. ಆಗ ನಮ್ಮನ್ನು ಕಾಪಾಡಿದ್ದು ಒಪೇರಾ ಮಿನಿ. ಅದೂ ಒಂದು ಜಾವಾ ಆಪ್. ಪುಟವನ್ನು ತನ್ನ ಸರ್ವರ್‌ನಲ್ಲಿ ಸಣ್ಣದು ಮಾಡಿ ಫೋನಿಗೆ ಕಳಿಸುತ್ತಿತ್ತು. ಅಡ್ರೆಸ್ ಬಾರಿನಲ್ಲಿ ಒಂದು ಗುಪ್ತ ಸೆಟ್ಟಿಂಗ್ಸ್ ಪುಟದ ಹೆಸರು ಟೈಪ್ ಮಾಡಿ, 'ಸಂಕೀರ್ಣ ಲಿಪಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸು' ಅನ್ನೋದನ್ನ ಆನ್ ಮಾಡಿದರೆ, ಕನ್ನಡ ಅಕ್ಷರಗಳು ಚಿತ್ರದ ರೂಪದಲ್ಲಿ ಬರುತ್ತಿದ್ದವು. ಹಾಸ್ಟೆಲಿನಲ್ಲಿ ಒಬ್ಬರಿಂದ ಒಬ್ಬರಿಗೆ ಹಬ್ಬಿದ ವಿದ್ಯೆ ಇದು. ಕನ್ನಡ ಬ್ಲಾಗು, ಪತ್ರಿಕೆ ಎಲ್ಲಾ ನಾನು ಮೊದಲು ಫೋನಿನಲ್ಲಿ ಓದಿದ್ದು ಹಾಗೇ. ಆ ಚಿತ್ರಗಳ ಡೇಟಾ ಖರ್ಚು ನಮ್ಮದೇ. ಇಂಗ್ಲಿಷ್ ಓದುವವನಿಗಿಂತ ಕನ್ನಡ ಓದುವವನ ರೀಚಾರ್ಜ್ ಬೇಗ ಖಾಲಿ. ಇಲ್ಲಿ ಕೂಲಿ ಕೊಟ್ಟವರು ಓದುಗರು.

2007ರಲ್ಲಿ ಐಫೋನ್ ಬಂತು, 2008ರಲ್ಲಿ ಆಪ್ ಸ್ಟೋರ್, ಅದೇ ವರ್ಷ ಮೊದಲ ಆಂಡ್ರಾಯ್ಡ್ ಫೋನ್. ಒಂದಕ್ಕೆ ಆಬ್ಜೆಕ್ಟಿವ್ ಸಿ, ಇನ್ನೊಂದಕ್ಕೆ ಜಾವಾ. ಜೊತೆಗೆ ಬ್ಲ್ಯಾಕ್‌ಬೆರಿ, ಸಿಂಬಿಯನ್, ಆಮೇಲೆ ವಿಂಡೋಸ್ ಫೋನ್. ಕಂಪನಿಗಳಿಗೆ ತಲೆ ಕೆಟ್ಟಿತು. ಆಗ ಹುಟ್ಟಿದ್ದು ಫೋನ್‌ಗ್ಯಾಪ್. ಕೆನಡಾದ ನಿಟೋಬಿ ಅನ್ನುವ ಸಣ್ಣ ಕಂಪನಿಯವರು 2008ರಲ್ಲಿ ಶುರು ಮಾಡಿದ್ದು. ಐಡಿಯಾ ಸರಳ: ಪ್ರತಿ ಫೋನಿನಲ್ಲೂ ಬ್ರೌಸರ್ ಇದೆ, ಆಪ್ ಅನ್ನು ವೆಬ್ ಪುಟದ ಥರ ಬರೆದು ಒಂದು ಚಿಪ್ಪಿನೊಳಗೆ ಹಾಕಿ ಕೊಡು. 2011ರಲ್ಲಿ ಅಡೋಬಿ ಆ ಕಂಪನಿಯನ್ನು ಕೊಂಡು, ಕೋಡನ್ನು ಅಪಾಚೆ ಸಂಸ್ಥೆಗೆ ದಾನ ಮಾಡಿತು. ಅದೇ ಕಾರ್ಡೋವಾ.

ದೊಡ್ಡವರಿಗೆ ಇದು ಇಷ್ಟವಾಗಲಿಲ್ಲ. 2010ರ ಏಪ್ರಿಲ್‌ನಲ್ಲಿ ಆಪಲ್ ತನ್ನ ಒಪ್ಪಂದದಲ್ಲಿ ಒಂದು ಸಾಲು ಬದಲಾಯಿಸಿ, ತಾನು ಹೇಳಿದ ಭಾಷೆಗಳಲ್ಲೇ ಆಪ್ ಬರೀಬೇಕು ಅಂದಿತು. ಗುರಿ ಇದ್ದದ್ದು ಅಡೋಬಿಯ ಫ್ಲಾಶ್ ಮೇಲೆ. ಆದರೆ ಹೆದರಿದ್ದು ಇಂಥಾ ಟೂಲ್ ನಂಬಿಕೊಂಡಿದ್ದ ಎಲ್ಲರೂ. ಸೆಪ್ಟೆಂಬರ್‌ನಲ್ಲಿ ನಿಯಮ ಸಡಿಲವಾಯಿತು. ಐದು ತಿಂಗಳಲ್ಲಿ ಎಲ್ಲರಿಗೂ ಒಂದು ವಿಷಯ ಗೊತ್ತಾಯ್ತು: ಸೇತುವೆ ನಮ್ಮದಾದ್ರೂ ಎರಡೂ ದಡ ನಮ್ಮದಲ್ಲ.

ನಾನು ಬಿಇ ಮುಗಿಸಿ ಕೆಲಸಕ್ಕೆ ಸೇರಿದ್ದು ಈ ಗದ್ದಲದಲ್ಲೇ. ಸೇಲ್ಸ್ ಹುಡುಗರು ಅಂಗಡಿ ಅಂಗಡಿಗೆ ಹೋಗಿ ಆರ್ಡರ್ ತಗೊಳ್ಳುವ ಆಪ್. ಆವಾಗ ಹೆಸರು ಮಾಡಿದ್ದ ಒಂದು ಟೂಲ್‌ನಲ್ಲಿ ಎರಡು ವರ್ಷ ಬರೆದೆವು. ಆಮೇಲೆ ಆ ಟೂಲ್‌ನ ಒಡೆಯರಿಗೇ ಅದರಲ್ಲಿ ಆಸಕ್ತಿ ಹೋಯ್ತು, ಅಪ್‌ಡೇಟ್ ನಿಂತಿತು. ಹೊಸ ಆಂಡ್ರಾಯ್ಡ್ ಬಂದ ಕೂಡಲೇ ಕ್ಯಾಮೆರಾ ಓಪನ್ ಆಗ್ತಿರಲಿಲ್ಲ. ಇಡೀ ಆಪ್ ಮತ್ತೆ ಬರೆದೆವು, ಶನಿವಾರ ಭಾನುವಾರ ಸೇರಿಸಿ. ಆ ಸಲ ಕೂಲಿ ಕೊಟ್ಟವರು ನಾವು. ಫೋನ್‌ಗ್ಯಾಪ್‌ಗೂ ಇದೇ ಗತಿಯಾಯ್ತು, 2020ರಲ್ಲಿ ಅಡೋಬಿ ಅದರ ಬಿಲ್ಡ್ ಸೇವೆ ನಿಲ್ಲಿಸಿತು. ಜಾಮರಿನ್ ಅನ್ನು 2016ರಲ್ಲಿ ಕೊಂಡ ಮೈಕ್ರೋಸಾಫ್ಟ್, 2024ರ ಮೇ 1ಕ್ಕೆ ಅದರ ಬೆಂಬಲ ಮುಗಿಸಿತು. ದಾನ ಮಾಡಿದ ಕೋಡ್, ಅಂದರೆ ಕಾರ್ಡೋವಾ, ಇನ್ನೂ ಉಸಿರಾಡುತ್ತಿದೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

2014, 15ರ ಕರ್ನಾಟಕದಲ್ಲಿ ಇದೇ ಪ್ರಶ್ನೆಗೆ ಎರಡು ವಿರುದ್ಧ ಉತ್ತರ ಸಿಕ್ಕವು. ಒಂದು ಸರ್ಕಾರದ್ದು. 2014ರ ಡಿಸೆಂಬರ್ 8ರಂದು ಆಗಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಬೆಂಗಳೂರಿನಲ್ಲಿ 'ಕರ್ನಾಟಕ ಮೊಬೈಲ್ ಒನ್' ಉದ್ಘಾಟಿಸಿದರು. ಅದರಲ್ಲಿ ಆಪ್ ಇತ್ತು. ಆದರೆ ಆಪ್ ಇಲ್ಲದವರಿಗೆ ಎಸ್‌ಎಂಎಸ್, ಯುಎಸ್‌ಎಸ್‌ಡಿ, ಫೋನ್ ಮಾಡಿ ಗುಂಡಿ ಒತ್ತುವ ಐವಿಆರ್ ಕೂಡ ಇತ್ತು. ಕೀಪ್ಯಾಡ್ ಫೋನೂ ಒಂದು ಪ್ಲಾಟ್‌ಫಾರ್ಮ್ ಅಂತ ಒಪ್ಪಿಕೊಂಡ ಯೋಜನೆ ಅದು. ಇನ್ನೊಂದು ಉತ್ತರ ಮಿಂತ್ರಾದ್ದು. 2015ರ ಮೇ ತಿಂಗಳಲ್ಲಿ ಬೆಂಗಳೂರಿನ ಆ ಕಂಪನಿ ವೆಬ್‌ಸೈಟ್ ಮುಚ್ಚಿ 'ಬರೀ ಆಪ್' ಅಂದಿತು. ಒಂದು ವರ್ಷಕ್ಕೇ, 2016ರ ಜೂನ್‌ನಲ್ಲಿ, ವೆಬ್‌ಸೈಟ್ ಮತ್ತೆ ತೆರೆಯಿತು. ಫ್ಲಿಪ್‌ಕಾರ್ಟ್ ಕೂಡ ತನ್ನ ಮೊಬೈಲ್ ವೆಬ್ ಮುಚ್ಚಿ ಜನರನ್ನು ಆಪ್ ಕಡೆ ತಳ್ಳಿತ್ತು. ಅದೇ 2015ರ ನವೆಂಬರ್‌ನಲ್ಲಿ 'ಫ್ಲಿಪ್‌ಕಾರ್ಟ್ ಲೈಟ್' ತಂದು, ಆಪ್‌ನಂತೆಯೇ ನಡೆದುಕೊಳ್ಳುವ ವೆಬ್ ಪುಟ ಕೊಟ್ಟಿತು. ಪ್ರೋಗ್ರೆಸಿವ್ ವೆಬ್ ಆಪ್ ಅನ್ನುವುದರ ಜಗತ್ತಿನ ಮೊದಮೊದಲ ದೊಡ್ಡ ಉದಾಹರಣೆಗಳಲ್ಲಿ ಅದೂ ಒಂದು. 2ಜಿ ನೆಟ್‌ವರ್ಕು, ತುಂಬಿಹೋದ ಸ್ಟೋರೇಜು, ಇವೇ ಆ ಎಂಜಿನಿಯರುಗಳಿಗೆ ಪಾಠ ಹೇಳಿದ ಮೇಷ್ಟ್ರು.

ಆಮೇಲಿನದು ನಿಮಗೆ ಗೊತ್ತಿರೋ ಕಾಲ. ವೆಬ್ ನಂಬಿಕೊಂಡು ಆಪ್ ಕಟ್ಟಿದ್ದೇ ತಪ್ಪು ಅಂತ 2012ರಲ್ಲಿ ಜುಕರ್‌ಬರ್ಗ್ ಹೇಳಿದ್ದರು. ಅವರದೇ ಕಂಪನಿ 2015ರಲ್ಲಿ ರಿಯಾಕ್ಟ್ ನೇಟಿವ್ ಬಿಟ್ಟಿತು. ಜಾವಾಸ್ಕ್ರಿಪ್ಟ್‌ನಲ್ಲಿ ಬರೆದರೂ ಪರದೆ ಮೇಲಿನ ಬಟನ್ ಆಯಾ ಫೋನಿನ ಅಸಲಿ ಬಟನ್. 2018ರ ಡಿಸೆಂಬರ್‌ನಲ್ಲಿ ಗೂಗಲ್‌ನ ಫ್ಲಟರ್ 1.0 ಬಂತು. ಅದರ ದಾರಿ ಬೇರೆ. ಫೋನಿನ ಬಟನ್ನೇ ಬೇಡ, ಪ್ರತಿ ಪಿಕ್ಸೆಲ್ಲನ್ನೂ ನಾನೇ ಬಿಡಿಸ್ತೀನಿ ಅನ್ನುತ್ತೆ.

ಇಲ್ಲಿ ಕನ್ನಡದವರು ಕೇಳಬೇಕಾದ ಪ್ರಶ್ನೆ ಒಂದಿದೆ: ನೀನೇ ಬಿಡಿಸೋದಾದ್ರೆ ಒತ್ತಕ್ಷರ ಬರುತ್ತಾ? ಹೊಸ ಟೂಲ್ ಕೈಗೆ ಬಂದಾಗ 'ಹಲೋ ವರ್ಲ್ಡ್' ಬದಲು ನಾನು ಪಕ್ಕದ ತಾಲ್ಲೂಕಿನ ಹೆಸರು ಟೈಪ್ ಮಾಡಿ ನೋಡ್ತೀನಿ, ಚಿಕ್ಕನಾಯಕನಹಳ್ಳಿ. ಎರಡು ಒತ್ತು ಸರಿಯಾಗಿ ಕೂತರೆ ಮುಂದಿನ ಮಾತು. 'ಚಿಕ್‌ಕನಾಯಕನಹಳ್‌ಳಿ' ಅಂತ ಬಂದರೆ ಅಲ್ಲಿಗೇ ನಮಸ್ಕಾರ. ಫ್ಲಟರ್ ಪಾಸಾಗುತ್ತೆ, ಯಾಕಂದ್ರೆ ಒಳಗೆ ಹಾರ್ಫ್‌ಬಜ್ ಅನ್ನುವ ಮುಕ್ತ ತಂತ್ರಾಂಶ ಅಕ್ಷರ ಜೋಡಿಸೋ ಕೆಲಸ ಮಾಡುತ್ತೆ. ಆಟಗಳನ್ನು ಕಟ್ಟುವ ಕೆಲವು ಎಂಜಿನ್‌ಗಳು ಇವತ್ತಿಗೂ ಫೇಲು.

ಒಂದೇ ಕೋಡ್ ಆದ್ದರಿಂದ ಕನ್ನಡಕ್ಕೆ ಲಾಭವೂ ಆಯ್ತು, ಅದನ್ನು ಹೇಳದಿದ್ರೆ ಅನ್ಯಾಯ. ಎರಡು ಆಪ್ ಇದ್ದಾಗ ಕನ್ನಡ ಯಾವಾಗಲೂ 'ನೆಕ್ಸ್ಟ್ ರಿಲೀಸ್'. ಒಂದೇ ಇದ್ದಾಗ ಅನುವಾದದ ಫೈಲೂ ಒಂದೇ. 2022ರ ನವೆಂಬರ್‌ನಲ್ಲಿ ಆಟೋ ಚಾಲಕರ ಸಂಘದ ಜೊತೆ ಸೇರಿ ಬೆಂಗಳೂರಿನ ಜಸ್‌ಪೇ ಕಂಪನಿ ತಂದ 'ನಮ್ಮ ಯಾತ್ರಿ' ನೋಡಿ. ಅದರ ಮುಂಭಾಗವನ್ನು ಮೊದಲು ಬರೆದದ್ದು ಪ್ಯೂರ್‌ಸ್ಕ್ರಿಪ್ಟ್‌ನಲ್ಲಿ, ಅವರೇ ಕಟ್ಟಿಕೊಂಡಿದ್ದ ಪ್ರೆಸ್ಟೋ ಅನ್ನುವ ಲೈಬ್ರರಿ ಮೇಲೆ. ಕೋಡ್ ಎಲ್ಲರಿಗೂ ಮುಕ್ತ, ಗಿಟ್‌ಹಬ್‌ನಲ್ಲಿ ಓದಬಹುದು. ಡ್ರೈವರ್ ಪರದೆಯಲ್ಲಿ ಕನ್ನಡ ಇದೆ. ಸಿಂಪ್ಯೂಟರ್ ಆದ ಇಪ್ಪತ್ತು ವರ್ಷಕ್ಕೆ ಅದೇ ಊರಲ್ಲಿ ಇನ್ನೊಮ್ಮೆ ನಮ್ಮದೇ ಟೂಲ್.

ಆದರೆ ನೊಣವಿನಕೆರೆಯಿಂದ ನೋಡಿದರೆ ನಮ್ಮ ಚರ್ಚೆಯ ಒಂದು ಮಗ್ಗುಲು ಖಾಲಿ ಕಾಣುತ್ತೆ. 2020ರ ಆಗಸ್ಟ್‌ನಲ್ಲಿ ಸರ್ಕಾರ 'ನನ್ನ ಬೆಳೆ ನನ್ನ ಹಕ್ಕು' ಅಂತ ರೈತರೇ ಆಪ್‌ನಲ್ಲಿ ಬೆಳೆ ಸಮೀಕ್ಷೆ ಮಾಡುವ ವ್ಯವಸ್ಥೆ ತಂದಿತು. ತೋಟದಲ್ಲಿ ನಿಂತು ಜಿಪಿಎಸ್ ಹಿಡಿದು ಫೋಟೋ ತೆಗೆಯಬೇಕು. ಬೆಳೆ ಹಾನಿಯಾದಾಗ ಪರಿಹಾರ, ವಿಮೆ, ಬೆಂಬಲ ಬೆಲೆಯ ಖರೀದಿ, ಎಲ್ಲಕ್ಕೂ ಆ ದಾಖಲೆ ಆಧಾರ. ನಮ್ಮಪ್ಪನಂಥವರಿಗೆ ಅಲ್ಲಿ ಐಫೋನಾ ಆಂಡ್ರಾಯ್ಡಾ ಅನ್ನೋದು ಪ್ರಶ್ನೆಯೇ ಅಲ್ಲ. ಮಗ ಬಿಟ್ಟುಕೊಟ್ಟ ಆರು ವರ್ಷದ ಹಳೇ ಫೋನಾ, ಹೊಸದಾ ಅನ್ನೋದು ಪ್ರಶ್ನೆ. ನಮ್ಮ ಟೂಲ್‌ಗಳು ಪ್ಲಾಟ್‌ಫಾರ್ಮನ್ನು ಅಡ್ಡಕ್ಕೆ ದಾಟಿಸುತ್ತವೆ, ಈ ಕಂಪನಿಯಿಂದ ಆ ಕಂಪನಿಗೆ. ಊರಿಗೆ ಬೇಕಾಗಿರೋದು ಉದ್ದಕ್ಕೆ ದಾಟಿಸೋದು, ಈ ವರ್ಷದಿಂದ ಆ ವರ್ಷಕ್ಕೆ. ಆಂಡ್ರಾಯ್ಡ್‌ಗೆ ಕನ್ನಡ ಬೆಂಬಲ ತಂದದ್ದು 2012ರ ಜೆಲ್ಲಿ ಬೀನ್. ಇವತ್ತಿನ ಫ್ಲಟರ್ ಆ ಜೆಲ್ಲಿ ಬೀನ್ ಫೋನಿನಲ್ಲಿ ಓಡೋದೇ ಇಲ್ಲ. ಕನ್ನಡ ಕಲಿತ ಮೊದಲ ತಲೆಮಾರಿನ ಫೋನುಗಳನ್ನು ಸದ್ದಿಲ್ಲದೆ ಪಟ್ಟಿಯಿಂದ ತೆಗೆದುಹಾಕಿದ್ದೇವೆ.

ಎಲ್ಲವನ್ನೂ ಎಂದೆಂದಿಗೂ ಬೆಂಬಲಿಸೋಕ್ಕಾಗಲ್ಲ, ಸೆಕ್ಯುರಿಟಿ ಕಾರಣಗಳೂ ಇವೆ, ಒಪ್ಪೋಣ. ಆದರೆ ಆ ನಿರ್ಧಾರ ಎಲ್ಲಾಗುತ್ತೆ ಗೊತ್ತಲ್ವಾ? ಪ್ರಾಜೆಕ್ಟ್ ಫೈಲಿನ ಒಂದು ಸಾಲಿನಲ್ಲಿ, ಮಿನ್ ಎಸ್‌ಡಿಕೆ ಅನ್ನುವ ಸಂಖ್ಯೆಯ ಮುಂದೆ. ಟೂಲ್ ಅಪ್‌ಡೇಟ್ ಮಾಡಿದಾಗ ಅದು ತಾನಾಗೇ ಮೇಲೇರಿರುತ್ತೆ, ಯಾರೂ ಮೀಟಿಂಗ್ ಕರೆದಿರಲ್ಲ. ಆ ಸಂಖ್ಯೆ ಒಂದು ಹೆಚ್ಚಾದರೆ ಎಲ್ಲೋ ಒಬ್ಬ ರೈತ ಪಕ್ಕದ ಮನೆ ಹುಡುಗನ ಫೋನಿಗಾಗಿ ಕಾಯಬೇಕಾಗುತ್ತೆ. ಕೂಲಿ ಈಗ ಅವನ ಲೆಕ್ಕಕ್ಕೆ.

ಹಾಗಾಗಿ ಟೂಲ್ ಯಾವುದು ಅಂತ ಜಗಳ ಆಡೋ ಮುಂಚೆ ನಾನು ಟೀಮಿನಲ್ಲಿ ಮೂರು ಪ್ರಶ್ನೆ ಕೇಳ್ತೀನಿ. ಒಡೆಯರು ಕೈಬಿಟ್ಟರೆ ಈ ಕೋಡನ್ನು ಬೇರೆಯವರು ಎತ್ತಿಕೊಳ್ಳಬಹುದಾ? ಚಿಕ್ಕನಾಯಕನಹಳ್ಳಿ ಸರಿಯಾಗಿ ಬರುತ್ತಾ? ನಮ್ಮ ಮಿನ್ ಎಸ್‌ಡಿಕೆ ಎಷ್ಟು, ಅದನ್ನು ನಿರ್ಧರಿಸಿದ್ದು ಯಾರು? ಮೊದಲ ಎರಡಕ್ಕೆ ಗೂಗಲ್ ಮಾಡಿದರೆ ಉತ್ತರ ಸಿಗುತ್ತೆ. ಮೂರನೆಯದಕ್ಕೆ ಸಾಮಾನ್ಯವಾಗಿ ಮೀಟಿಂಗ್ ರೂಮಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡ್ತಾರೆ. ನಾಳೆ ನಿಮ್ಮ ಆಫೀಸಿನಲ್ಲೂ ಒಮ್ಮೆ ಕೇಳಿ ನೋಡಿ.