ಅಬ್ಬೆಯಿಂದ ಅವ್ವನವರೆಗೆ: ಅಪರೂಪವಾದ ಹೆಣ್ಣುಹೆಸರುಗಳ ಚರಿತ್ರೆ

ಬಿ. ಎಲ್. ರೈಸ್ 1886ರಿಂದ ಹೊರತರತೊಡಗಿದ ಎಪಿಗ್ರಾಫಿಯಾ ಕರ್ನಾಟಿಕ ಶಾಸನ ಸಂಪುಟಗಳನ್ನು ತಿರುವಿದರೆ ಜಕ್ಕಿಯಬ್ಬೆ, ಪಾಂಬಬ್ಬೆ, ಸಾವಿಯಬ್ಬೆ, ದೇಕಬ್ಬೆ, ಮಾಚಿಕಬ್ಬೆ ಸಾಲಾಗಿ ಎದುರಾಗುತ್ತಾರೆ. ಇಂದು ಯಾವ ತೊಟ್ಟಿಲಶಾಸ್ತ್ರದಲ್ಲೂ ಕೇಳಿಬರದ ಹೆಸರುಗಳಿವು. ಎಲ್ಲದರ ಕೊನೆಗೂ ಇರುವ ‘ಅಬ್ಬೆ’ ಎಂದರೆ ತಾಯಿ. ಹವ್ಯಕರ ಮನೆಮಾತಿನಲ್ಲಿ ಅದು ಇನ್ನೂ ಬದುಕಿದೆ. ಉಳಿದೆಡೆ ಅವ್ವೆಯಾಗಿ, ಅವ್ವನಾಗಿ ಸವೆದಿದೆ.

ಹೆಸರಿನ ಮೊದಲರ್ಧದಲ್ಲಿ ಮನೆತನದ ನಂಬಿಕೆ ಅಡಗಿರುತ್ತದೆ. ಜಕ್ಕಿ ಎಂಬುದು ಯಕ್ಷಿಯ ತದ್ಭವ. ಜೈನರ ಯಕ್ಷಿ ಆರಾಧನೆಯ ಗುರುತು. ಹತ್ತನೆಯ ಶತಮಾನದ ಆರಂಭದಲ್ಲಿ ಗಂಡನ ಮರಣಾನಂತರ ನಾಗರಖಂಡದ ನಾಳ್ಗಾವುಂಡಿಕೆ, ಅಂದರೆ ನಾಡಿನ ಆಡಳಿತ, ವಹಿಸಿಕೊಂಡು, ಕೊನೆಗೆ ಬಂದಳಿಕೆಯಲ್ಲಿ ಸಲ್ಲೇಖನ ಕೈಗೊಂಡವಳ ಹೆಸರೂ ಜಕ್ಕಿಯಬ್ಬೆಯೇ. ಹೊಯ್ಸಳರ ಕಾಲಕ್ಕೆ ಮಾಚಿಕಬ್ಬೆಯ ಮಗಳು ಶಾಂತಲದೇವಿಯಾದಳು. ಅರಮನೆಯಲ್ಲಿ ‘ದೇವಿ’ಗೆ ಬೆಲೆ ಹೆಚ್ಚಿದರೂ, ಅದೇ ಕಾಲದ ಶರಣೆಯರಲ್ಲಿ ಗೊಗ್ಗವ್ವೆ, ರೆಮ್ಮವ್ವೆಯರು ಹಳೆಯ ಜಾಡಿನಲ್ಲೇ ಇದ್ದರು.

ಊರದೇವರು ಹೆಸರಾಗುವ ಬಗೆ ಇನ್ನೂ ಸ್ವಾರಸ್ಯದ್ದು. ಚಿತ್ರದುರ್ಗದ ಓಬವ್ವನ ‘ಓಬ’ ಎಂದರೆ ಅಹೋಬಲದ ನರಸಿಂಹ. ಅಹೋಬಲ ಓಬಳವಾಗಿ, ಓಬವಾಗಿ ನಾಲಿಗೆಗೆ ಹೊಂದಿಕೊಂಡಿತು. ಹುಲಿಗಿಯ ದೇವಿಯಿಂದ ಹುಲಿಗೆಮ್ಮ ಬಂದಳು. ಶಿರಹಟ್ಟಿಯ ಫಕೀರೇಶ್ವರ ಮಠದ ಭಕ್ತರ ಮನೆಗಳಲ್ಲಿ ಫಕೀರವ್ವ ಹುಟ್ಟಿದಳು: ಅರಬ್ಬಿಯ ಫಕೀರನಿಗೆ ಕನ್ನಡದ ಅವ್ವ. ಹರಕೆ ಹೊತ್ತವರಿಗೆ ಈ ಜೋಡಣೆ ವಿಚಿತ್ರವೆನಿಸಲೇ ಇಲ್ಲ. ಮೊಹರಂ ಆಚರಿಸುವ ಉತ್ತರ ಕರ್ನಾಟಕದ ಹಳ್ಳಿಗಳ ಹುಸೇನವ್ವನೂ ಇದೇ ಸಾಲಿನವಳು.

ಕಗ್ಗಂಟಾಗುವುದು ಭಯದ ಹೆಸರುಗಳಲ್ಲಿ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪವ್ವ ಎಂದು ಕರೆಯುವುದಿತ್ತು. ಬೇಡಿ ಪಡೆದಂತೆ ನಟಿಸಿ ತಿರುಕವ್ವ ಎನ್ನುವುದಿತ್ತು. ಬೆಲೆಯಿಲ್ಲದ್ದನ್ನು ಮೃತ್ಯು ಮುಟ್ಟದೆಂಬ ಲೆಕ್ಕಾಚಾರ. ತೆಲುಗರ ಪೆಂಟಮ್ಮನ ಹಿಂದಿರುವುದೂ ಅದೇ. ಕೇಳಲು ತಿರಸ್ಕಾರದಂತಿದ್ದರೂ ಇವು ಉಳಿಸಿಕೊಳ್ಳಬೇಕೆಂಬ ಹಂಬಲದ ಹೆಸರುಗಳು.

ಸಾಕಮ್ಮನ ಸಂಗತಿಯೇ ಬೇರೆ. ಹೆಣ್ಣು ಇನ್ನು ಸಾಕು ಎಂಬುದು ಜನ ಕೊಡುವ ವಿವರಣೆ. ಅಂಥ ಮನಸ್ಸು ಇಲ್ಲದಿಲ್ಲ: ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ‘ನಕೋಶಿ’, ಅಂದರೆ ಬೇಡವಾದವಳು, ಎಂಬ ಹೆಸರು ಹೊತ್ತಿದ್ದ 200ಕ್ಕೂ ಹೆಚ್ಚು ಹುಡುಗಿಯರಿಗೆ 2011ರ ಅಕ್ಟೋಬರಿನಲ್ಲಿ ಆಡಳಿತವೇ ಮುಂದೆ ನಿಂತು ಹೊಸ ಹೆಸರಿಟ್ಟಿತು. ಆದರೆ ಕನ್ನಡದಲ್ಲಿ ‘ಸಾಕು’ ಎಂದರೆ ಪೋಷಿಸು ಎಂದೂ ಆಗುತ್ತದೆ. ಸಾಕಿ ಬೆಳೆಸಿದ ಮಗಳೂ ಸಾಕಮ್ಮನಾಗಬಹುದು, ಸಾಕುವ ತಾಯಿಯೂ ಆಗಬಹುದು. ಬೆಂಗಳೂರಿನ ಉದ್ಯಮಿ ಕಾಫಿಪುಡಿ ಸಾಕಮ್ಮನವರನ್ನೂ ಸೇರಿಸಿ ಎಲ್ಲ ಸಾಕಮ್ಮಂದಿರನ್ನೂ ಬೇಡದ ಮಕ್ಕಳ ಪಟ್ಟಿಗೆ ಹಾಕುವುದು, ನನ್ನ ದೃಷ್ಟಿಯಲ್ಲಿ, ಅವಸರದ ತೀರ್ಮಾನ. ನಾಲ್ಕು ಹೆಣ್ಣುಮಕ್ಕಳ ಬೆನ್ನಿಗೆ ಹುಟ್ಟಿದವಳು ಸಾಕಮ್ಮನಾದರೆ ಒಂದು ಅರ್ಥ, ಚೊಚ್ಚಲ ಮಗಳಾದರೆ ಇನ್ನೊಂದು. ಹಾಗೆಯೇ ತಿಪ್ಪಮ್ಮ ನಾಯಕನಹಟ್ಟಿಯ ಸುತ್ತಿನವಳಾದರೆ ತಿಪ್ಪೆಯನ್ನು ಹುಡುಕುವ ಮುನ್ನ ಅಲ್ಲಿನ ತಿಪ್ಪೇರುದ್ರಸ್ವಾಮಿಯನ್ನು ನೆನೆಯಬೇಕು.